ವಾರ್ಡ್ ಸಭಾಂಗಣದ ಬೀಗ

ರಾಷ್ಟ್ರದ ಚುನಾವಣೆಯಲ್ಲಿ ಬೀಗದಣ್ಣ ನಂಬಿದ್ದ ಪಕ್ಷ ಮಣ್ಣುಮುಕ್ಕಿ ಒಂಬತ್ತು ದಿನವಾಗಿತ್ತು. ಒಂಬತ್ತು ದಿನವೂ ಅವನು ತನ್ನ ಬೀಗ ರಿಪೇರಿ ಅಂಗಡಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಹತ್ತನೆಯ ದಿನ ಬೆಳಿಗ್ಗೆ ಹೆಂಡತಿಗೆ ಸಾಕಾಯಿತು.

"ಅಷ್ಟು ದೂರದ ರಾಜಧಾನಿಗೆ ಇಷ್ಟು ಕೊರಗ್ತೀರಲ್ಲ, ನಿಮ್ಮಮ್ಮ ಬಿದ್ದು ಸೊಂಟ ಮುರ್ಕೊಂಡ ಚರಂಡಿ ಇಲ್ಲೇ ಅಂಗಡಿ ಪಕ್ಕದಲ್ಲಿ ಬಾಯಿ ತೆರ್ಕೊಂಡು ಬಿದ್ದಿದೆ. ಅದಕ್ಕೊಂದು ಚಪ್ಪಡಿ ಹಾಕ್ಸೋಕೆ ಆಗಲ್ವಾ?"

"ಅವನನ್ನ ಯಾಕೆ ಬೈತೀಯಮ್ಮ?" ಎಂದಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದ ತಾಯಿ. "ಮುರಿಯೋಕೆ ನಂಗಿನ್ನೊಂದು ಸೊಂಟ ಇಲ್ವಲ್ಲ."

ಮಾತು ನೆಟ್ಟಗೆ ಎದೆಗೆ ನಾಟಿತು. ದೇಶ ಕೈತಪ್ಪಿದರೇನು, ಬೀದಿ ಇದೆಯಲ್ಲ! ಬೀಗದಣ್ಣ ಉಪಕರಣದ ಚೀಲ ಹೆಗಲಿಗೇರಿಸಿಕೊಂಡು ವಾರ್ಡ್ ಕಚೇರಿಗೆ ನಡೆದ.

ಗುಮಾಸ್ತ ಅವನನ್ನು ಹಳೆಯ ನೆಂಟನನ್ನು ಕಂಡಂತೆ ನೋಡಿದ. "ಚಪ್ಪಡಿಗೆ ವಾರ್ಡ್ ಸಭೆ ಒಪ್ಪಬೇಕು. ಸಭೆಗೆ ಹನ್ನೊಂದು ಜನ ಸೇರ್ಬೇಕು, ಅದೂ ಸಭಾಂಗಣದಲ್ಲೇ. ಏಳು ವರ್ಷದಿಂದ ತಿಂಗಳು ತಿಂಗಳು ನೋಟಿಸ್ ಅಂಟಿಸ್ತಿದೀನಿ, ಒಂದು ನರಪಿಳ್ಳೆ ಬಂದಿಲ್ಲ. ಇವತ್ತೂ ಐದು ಗಂಟೆಗಿದೆ. ಅಂದಹಾಗೆ, ಸಭಾಂಗಣದ ಬೀಗ ಕೆಟ್ಟಿದೆ."

"ಏಳು ವರ್ಷದಿಂದ ರಿಪೇರಿ ಮಾಡಿಸಿಲ್ವಾ?"

"ರಿಪೇರಿಗೂ ಸಭೆ ಒಪ್ಪಬೇಕಲ್ಲ ಸ್ವಾಮಿ."

ಬೀಗದಣ್ಣನಿಗೆ ಮೈ ಉರಿಯಿತು. ಇಂಥ ಸೋಮಾರಿ ಜನ ಇರುವುದರಿಂದಲೇ ದೇಶಕ್ಕೆ ಈ ಗತಿ ಬಂದದ್ದು ಎಂದು ಅವನಿಗೆ ಆ ಕ್ಷಣವೇ ಖಾತ್ರಿಯಾಯಿತು.

ಮೊದಲು ಹೋದದ್ದು ಎದುರಿನ ಸಲೂನಿಗೆ. ಸಲೂನಿನ ಮಾಮ ಅವನ ತೀರಿಕೊಂಡ ಅಪ್ಪನ ಸ್ನೇಹಿತ, ವಯಸ್ಸಾದವನು. ಗಿರಾಕಿಯ ಅರ್ಧ ಗಡ್ಡ ಕೆರೆದು ಮುಗಿಸಿದ್ದ. ಸಭೆಯ ಮಾತು ಕೇಳಿ ಅವನ ಕತ್ತಿ ಗಾಳಿಯಲ್ಲೇ ನಿಂತಿತು.

"ಸಭೆಗಾ? ಅಲ್ಲಪ್ಪಾ, ನಾನು ನಿಮ್ಮಪ್ಪನಿಗೆ..."

"ಅಪ್ಪನ ಕಾಲ ಮುಗೀತು ಮಾಮ! ನೀವೆಲ್ಲ ಮನೇಲಿ ಕೂತಿದ್ದಕ್ಕೇ ನಾವು ಸೋತಿದ್ದು!"

"ಅದಲ್ಲ ಮಗಾ, ನಿಮ್ಮಪ್ಪ ಒಂದು ಸಲ..."

"ಬರ್ತೀರೋ, ಇಲ್ಲ ನಾಡಿನ ದ್ರೋಹಿ ಅನ್ನಿಸ್ಕೋತೀರೋ?"

ಮಾಮ ಬಾಯಿ ಮುಚ್ಚಿಕೊಂಡ. ಅರ್ಧ ಗಡ್ಡದ ಗಿರಾಕಿ ಹೆದರಿ ತಾನೂ ಬರುತ್ತೇನೆಂದ.

ನಿವೃತ್ತ ಹೆಡ್ಮಾಸ್ತರೂ "ನಿಮ್ಮ ತಂದೆಯವರು..." ಎಂದೇ ಶುರುಮಾಡಿದರು. ಬೀಗದಣ್ಣ ಅವರ ಬಾಯನ್ನೂ ಮುಚ್ಚಿಸಿದ. ಕೊನೆಗೆ ಅವರು ತಮ್ಮ ಆತ್ಮಕಥೆಯ ಮೂರು ಅಧ್ಯಾಯ ಕೇಳಿದರೆ ಮಾತ್ರ ಬರುತ್ತೇನೆಂದರು. ಮೂರನೆಯ ಅಧ್ಯಾಯ ಮುಗಿದಾಗಲೂ ಅವರಿನ್ನೂ ಒಂದನೇ ತರಗತಿಯಲ್ಲೇ ಇದ್ದರು. ಟೈಲರಕ್ಕ ಬೀಗ ತುಕ್ಕು ಹಿಡಿದ ಟ್ರಂಕು ತೆಗೆದುಕೊಟ್ಟರೆ ಬರುತ್ತೇನೆಂದಳು. ತೆಗೆದರೆ ಒಳಗೆ ತೀರಿಕೊಂಡ ಗಂಡನ ಹಲ್ಲಿನ ಸೆಟ್ಟು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಂಟೆ ಅತ್ತಳು. ಬೀಗದಣ್ಣ ಗಡಿಯಾರ ನೋಡುತ್ತ ಸಮಾಧಾನ ಹೇಳಿದ. ತನ್ನ ಬಗ್ಗೆ ತನಗೇ ಅಸಹ್ಯವಾಯಿತು, ಆದರೂ ಅವಳನ್ನು ಎಬ್ಬಿಸಿಕೊಂಡು ಹೊರಟ.

ಐದಕ್ಕೆ ಹತ್ತು ನಿಮಿಷವಿದ್ದಾಗ ಸಭಾಂಗಣದ ಮೆಟ್ಟಿಲ ಮೇಲೆ ಹೀಗೇ ಎಳೆದು ತಂದ ಹತ್ತು ಜನ ಗೊಣಗುತ್ತ ನಿಂತಿದ್ದರು. ಬೀಗದಣ್ಣನೇ ಹನ್ನೊಂದನೆಯವನು.

ಅವನು ಮಂಡಿಯೂರಿ ಬೀಗದ ತೂತಿಗೆ ಕಣ್ಣಿಟ್ಟ. ಒಳಗೆ ಯಾರೋ ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಸರಿಯಾಗಿ ಸ್ಪ್ರಿಂಗಿನ ಬುಡಕ್ಕೆ ಸಿಕ್ಕಿಸಿ ಮುರಿದಿದ್ದರು.

"ತುಕ್ಕು ಹಿಡಿದು ಕೆಟ್ಟಿದ್ದಲ್ಲ ಇದು," ಎಂದ ಬೆರಗಿನಿಂದ. "ಯಾರೋ ಒಳ್ಳೆ ಕೆಲಸಗಾರನ ಕೈ. ನನ್ನ ಬಿಟ್ಟು ಬೇರೆ ಯಾರಿಂದಲೂ ಇದನ್ನ ತೆಗೆಯೋಕಾಗ್ತಿರ್ಲಿಲ್ಲ."

ಸಲೂನಿನ ಮಾಮ ಕೆಮ್ಮಿದ. ಅಷ್ಟರಲ್ಲಿ ತಂತಿಯ ತುಂಡು ಬೀಗದಣ್ಣನ ಅಂಗೈಗೆ ಬಿತ್ತು, ಬೀಗ ಟಕ್ಕೆಂದು ಬಿಚ್ಚಿಕೊಂಡಿತು.

ಒಳಗೆ ಬೆರಳು ದಪ್ಪದ ಧೂಳು. ಗುಮಾಸ್ತ ತಲೆ ಎಣಿಸಿದ, ಹನ್ನೊಂದು. ಅವನ ಕಣ್ಣಲ್ಲಿ ನೀರು ಬಂತು. "ಹೊಸ ವಿಷಯಕ್ಕೆ ಮೊದಲು ಬಾಕಿ ಠರಾವುಗಳಿವೆ. ಎಲ್ಲಕ್ಕೂ ಒಟ್ಟಿಗೇ ಒಪ್ಪಿಗೆ ಕೊಡ್ತೀರೋ, ಒಂದೊಂದಾಗಿ ಓದ್ಲೋ?"

"ಓದ್ತಾ ಕೂತ್ರೆ ಚಪ್ಪಡಿ ಯಾವಾಗ?" ಎಂದು ಬೀಗದಣ್ಣ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಹತ್ತೂ ಜನ ಅವನ ಮುಖ ನೋಡಿದರು. ಆಮೇಲೆ ಒಂದೊಂದಾಗಿ ಹತ್ತು ಕೈಗಳೂ ಮೇಲೆದ್ದವು. ಗುಮಾಸ್ತ ಮೊಹರು ಒತ್ತಿದ.

"ಈಗ ನನ್ನ ಚಪ್ಪಡಿ," ಎಂದ ಬೀಗದಣ್ಣ.

"ಅದು ಬೇಕಾಗಲ್ಲ. ಈಗ ಪಾಸಾದ ಮೊದಲನೇ ಠರಾವಲ್ಲೇ ಇದೆ. ಚರಂಡಿ ಅಗಲ ಮಾಡಿ, ಉದ್ದಕ್ಕೂ ಮುಚ್ಚೋದು. ಅದಕ್ಕೆ ಅಡ್ಡ ಇರೋದು ಒಂದೇ ಅಂಗಡಿ, ಅದನ್ನ ತೆರವು ಮಾಡೋದು." ಗುಮಾಸ್ತ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ. "ಬೀಗ ರಿಪೇರಿ ಅಂಗಡಿ, ಹಿಂದಿನ ಕೋಣೆ ಸಮೇತ."

ಬೀಗದಣ್ಣ ಬೆಂಚಿನ ಮೇಲೆ ಕುಸಿದ. ಹಿಂದಿನ ಕೋಣೆಯಲ್ಲಿ ತಾಯಿ ಮಲಗಿದ್ದಳು. ಅವಳನ್ನು ಎಲ್ಲಿಗೆಂದು ಎತ್ತಿಕೊಂಡು ಹೋಗುವುದು?

"ಅದನ್ನೇ ಹೇಳೋಕೆ ಹೊರಟಿದ್ದೆ ಕಣೋ ಬೆಳಿಗ್ಗೆ," ಎಂದ ಸಲೂನಿನ ಮಾಮ, ಪಕ್ಕದಲ್ಲಿ ಕೂತು. "ಏಳು ವರ್ಷದ ಹಿಂದೆ ನಿಮ್ಮಪ್ಪನೂ ಹೀಗೇ ಮನೆಮನೆಗೆ ಬಂದಿದ್ದ. ಸಭೆಗೆ ಹೋಗ್ಬೇಡಿ ಅಂತ ಕೈ ಮುಗ್ದಿದ್ದ. ನಿಮ್ಮಮ್ಮ ಗಾಬರಿ ಆಗ್ತಾಳೆ ಅಂತ ಮನೇಲಿ ಹೇಳ್ಲಿಲ್ಲ. ಆಣೆ ಮಾಡಿ ಮಾತು ಕೊಟ್ಟಿದ್ವಿ. ಅಷ್ಟಕ್ಕೂ ನಂಬಿಕೆ ಬರದೆ, ಹೋಗ್ತಾ ಆ ಬೀಗಕ್ಕೊಂದು ತಂತಿ ಮುರಿದಿಟ್ಟು ಹೋದ. ದೀಪ ಹಿಡಿದಿದ್ದೋನು ನಾನೇ."

"ಮತ್ತೆ ಕೈ ಯಾಕೆ ಎತ್ತಿದ್ರಿ ಮಾಮ?"

"ನೀನೇ ಮೊದಲು ಎತ್ತಿದ್ಯಲ್ಲಪ್ಪ. ಏನೋ ಏರ್ಪಾಡು ಮಾಡ್ಕೊಂಡಿದೀಯ ಅಂದ್ಕೊಂಡ್ವಿ."

ಟೈಲರಕ್ಕ ಮತ್ತೆ ಅಳತೊಡಗಿದಳು, ಈ ಸಲ ಗಂಡನಿಗಲ್ಲ. ಬೀಗದಣ್ಣ ಅಂಗೈಯಲ್ಲಿದ್ದ ತಂತಿಯ ತುಂಡನ್ನು ನೋಡಿದ. ಕೊಕ್ಕೆಯ ಆ ಬಾಗು ಅವನಿಗೆ ಗೊತ್ತಿತ್ತು. ಹಾಗೆ ಬಗ್ಗಿಸುವುದನ್ನು ಅವನಿಗೆ ಕಲಿಸಿದ್ದು ಅಪ್ಪನೇ.

ಗುಮಾಸ್ತ ಸಂಕೋಚದಿಂದ ಹತ್ತಿರ ಬಂದ. "ಬೇಜಾರು ಮಾಡ್ಕೋಬೇಡಿ. ತೆರವು ಮಾಡೋ ದಿನ ಅಂಗಡಿಗೆ ಸರ್ಕಾರಿ ಬೀಗ ಜಡೀಬೇಕು. ಕಚೇರೀಲಿ ಒಂದೂ ಇಲ್ಲ. ಇದನ್ನೇ ಬಳಸ್ಕೋತೀವಿ, ಈಗ ಸರಿಯಾಗಿದೆಯಲ್ಲ?"

ಬೀಗದಣ್ಣ ಬೀಗವನ್ನು ಒಮ್ಮೆ ಹಾಕಿ, ತೆಗೆದು ನೋಡಿದ. ಕೆಲಸ ಕೆಟ್ಟದಾಗಿ ಮಾಡಿ ಅವನಿಗೆ ಅಭ್ಯಾಸವಿರಲಿಲ್ಲ.

"ಸರಿಯಾಗಿದೆ," ಎಂದ.