ಜಿಂಕೆ ಮೂಗಿನ ಅಟ್ಟಣೆ

"ಎಂಟು ಅಡಿ ಅಂದ್ರೆ ಎಂಟೇ ಅಡಿ! ಅದರ ಮೇಲೆ ಒಂದು ಗೇಣೂ ಹತ್ತಲ್ಲ ನಾನು!"

"ಎಂಟು ಅಡೀಲಿ ಕೂತ್ಕೊಂಡು ಜಿಂಕೆ ಹತ್ರ ಯೋಗಕ್ಷೇಮ ವಿಚಾರಿಸ್ತೀರಾ ಭಾವ? ಇಪ್ಪತ್ತು ಅಡಿ ಬೇಕು!"

"ಇಪ್ಪತ್ತು ಅಡಿಯಿಂದ ಬಿದ್ರೆ ಹೊಸ ಮಂಡಿ ನಿಮ್ಮಪ್ಪ ತಂದು ಕೊಡ್ತಾನಾ?"

"ನಮ್ಮಪ್ಪನ ಸುದ್ದಿಗೆ ಬರಬೇಡಿ!" ಎಂದೆ ನಾನು. ಅಲ್ಲಿಯತನಕ ಬಾಯಿ ಮುಚ್ಚಿಕೊಂಡಿದ್ದೆ ಅನ್ನುವುದೇ ದೊಡ್ಡದು.

ಜಗಳ ನಡೆಯುತ್ತಿದ್ದದ್ದು ನಮ್ಮ ಹೊಲದ ಬದುವಿನ ಹುಣಸೆಮರದ ಕೆಳಗೆ. ಒಂದು ಕಡೆ ನಮ್ಮ ಯಜಮಾನರು, ಇನ್ನೊಂದು ಕಡೆ ನನ್ನ ತಮ್ಮ ಗುರುಮಲ್ಲು. ಕಾವಲಿನ ಅಟ್ಟಣೆ ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನುವುದು ವಿಷಯ.

ಹೊಲ ಇರುವುದು ಕಾಡಿನ ಅಂಚಿನಲ್ಲಿ. ಅವರೆ ಕಾಯಿ ಕಟ್ಟುವ ಹೊತ್ತಿಗೆ ಜಿಂಕೆಗಳು ಮದುವೆಮನೆಗೆ ಬಂದ ನೆಂಟರ ಹಾಗೆ ಸಾಲಾಗಿ ಬಂದು ಉಂಡು ಹೋಗುತ್ತವೆ. ಎರಡು ವರ್ಷ ಹೀಗೇ ಆಯಿತು. "ಈ ವರ್ಷವೂ ಹೋದ್ರೆ ಹೊಲಕ್ಕೆಲ್ಲ ನೀಲಗಿರಿ ನೆಟ್ಟುಬಿಡ್ತೀನಿ. ಅದನ್ನ ಯಾವ ಪ್ರಾಣೀನೂ ಮೂಸಲ್ಲ" ಎಂದು ಯಜಮಾನರು ಹೇಳಿಬಿಟ್ಟಿದ್ದರು. ಹೇಳಿದ್ದನ್ನು ಮಾಡುವ ಕೆಟ್ಟ ಚಾಳಿ ಅವರಿಗಿದೆ. ಮದುವೆಯಾಗಿ ಬಂದಾಗಿನಿಂದ ನಾನು ಕಳೆ ಕಿತ್ತ ಹೊಲ ಅದು. ನೀಲಗಿರಿ ಸೊಪ್ಪಿನಲ್ಲಿ ಸಾರು ಮಾಡೋಕಾಗುತ್ತದೆಯೇ?

ಅಟ್ಟಣೆ ತಗ್ಗಿನಲ್ಲಿದ್ದರೆ ಜಿಂಕೆಗೆ ಮನುಷ್ಯರ ವಾಸನೆ ಹೊಡೆಯುತ್ತದೆ. ಬೇಲಿಯಾಚೆ ನಿಂತು, ಕಾವಲಿನವರು ಗೊರಕೆ ಶುರುಮಾಡುವತನಕ ಕಾದು, ಆಮೇಲೆ ಒಳಗೆ ಬರುತ್ತವೆ. ತೀರಾ ಎತ್ತರದಲ್ಲಿದ್ದರೆ, ನಮ್ಮ ಯಜಮಾನರು ಮಂಡಿ ಹಿಡಿದುಕೊಂಡು ಇಳಿದು ಬಂದು ಡಬ್ಬ ಬಡಿದು ಓಡಿಸುವಷ್ಟರಲ್ಲಿ ಒಂದು ಸಾಲು ಖಾಲಿ.

"ನೀವೂ ಹೇಳೋದು ಬೇಡ, ನಾನೂ ಹೇಳೋದು ಬೇಡ. ಎಷ್ಟು ಎತ್ತರ ಅಂತ ಜಿಂಕೆ ಮೂಗೇ ಹೇಳಲಿ!" ಎಂದು ಗುರುಮಲ್ಲು ಗೋಣಿತಾಟು ಸರಿಸಿದ.

ಇವನು ಊರಿನವರ ಪಂಪ್‌ಸೆಟ್ಟು ರಿಪೇರಿ ಮಾಡುತ್ತಾನೆ. ಇವನ ಹತ್ತಿರ ಬಂದ ಪಂಪ್‌ಸೆಟ್ಟು ಪಂಪ್‌ಸೆಟ್ಟಾಗಿಯೇ ವಾಪಸು ಹೋದದ್ದು ಅಪರೂಪ. ಹೋದ ವರ್ಷ ಮುದ್ದೆ ತಿರುವುವ ಯಂತ್ರ ಮಾಡಿ, ನಮ್ಮ ಮುದ್ದೆಯನ್ನು ಸೂರಿಗೆ ಅಂಟಿಸಿದ್ದ.

ತಾಟಿನ ಕೆಳಗಿದ್ದದ್ದು ಹಗ್ಗದ ಮಂಚದಂಥ ಒಂದು ಆಸನ. ಅದಕ್ಕೆ ಮರ ತಬ್ಬಲು ನಾಲ್ಕು ಕಬ್ಬಿಣದ ಕೈ, ಹೊಟ್ಟೆಗೊಂದು ಬ್ಯಾಟರಿ. ಪಕ್ಕದಲ್ಲಿ ಬೇರೆಯಾಗಿ ಒಂದು ಗೂಟ, ಗೂಟದ ತುದಿಗೆ ಕರಿ ಡಬ್ಬ, ಡಬ್ಬಕ್ಕೆ ಎರಡು ತೂತು.

"ಇದೇ ಮೂಗು! ಅವರೆ ಸಾಲಿನ ಪಕ್ಕ ನೆಡ್ತೀನಿ. ಮನುಷ್ಯರ ವಾಸನೆ ಇದಕ್ಕೆ ಬಡೀತಿರೋ ತನಕ ಆಸನ ಮರ ಹತ್ತುತ್ತೆ. ವಾಸನೆ ನಿಂತ ಕೂಡ್ಲೆ ಅದೂ ನಿಲ್ಲುತ್ತೆ. ಅದೇ ಸರಿಯಾದ ಎತ್ತರ! ಹೆಚ್ಚಾದ್ರೆ ತಾನೇ ಇಳಿಯುತ್ತೆ! ಹಿಂಗೆ ಯಾರಾದ್ರೂ ಯೋಚನೆ ಮಾಡಿದಾರಾ ಭಾವ?"

"ತಲೆ ನೆಟ್ಟಗಿರೋರು ಮಾಡಿರಲ್ಲ."

ಮೂಗು ನೆಟ್ಟಾಯಿತು. ಯಂತ್ರ ಇನ್ನೇನು ಶುರುವಾಗಬೇಕು, ನಾನು ತಡೆದೆ. "ತಾಳು, ಪೂಜೆ ಆಗಲಿ."

"ಪೂಜೆಗೀಜೆ ಬೇಡ ಕಣಕ್ಕ! ಇದು ಸೂಕ್ಷ್ಮದ್ದು!"

"ಸೈಕಲ್ಲಿಗೇ ಪೂಜೆ ಮಾಡ್ತಾರೆ. ನನ್ನ ಗಂಡನ್ನ ಹೊತ್ಕೊಂಡು ಮರ ಹತ್ತೋದಕ್ಕೆ ಬೇಡವೇನೋ? ನೀನು ಹೋಗಿ ನಿನ್ನ ವೈರು ನೋಡ್ಕೊ!"

ಗೊಣಗುತ್ತ ಬ್ಯಾಟರಿ ಹತ್ತಿರ ಹೋದ. ನಾನು ನಾಲ್ಕು ಕಬ್ಬಿಣದ ಕೈಗೂ ಅರಿಶಿನ ಕುಂಕುಮ ಹಚ್ಚಿದೆ. ಮೂಗಿನ ಡಬ್ಬಕ್ಕೆ ಚೆಂಡುಹೂವಿನ ಹಾರ ಹಾಕಿ, ಎದುರಿಗೆ ಬಾಳೆಹಣ್ಣು, ಬೆಲ್ಲ ಇಟ್ಟು, ಸಾಂಬ್ರಾಣಿ ಹೊಗೆ ಹಿಡಿದೆ. ಗಂಧದಕಡ್ಡಿ ಸಿಕ್ಕಿಸಲು ಜಾಗ ಬೇಕಲ್ಲ? ಡಬ್ಬದಲ್ಲಿ ಹೇಳಿ ಮಾಡಿಸಿದ ಹಾಗೆ ಎರಡು ತೂತಿದ್ದವು. ಒಂದಕ್ಕೊಂದು ಕಡ್ಡಿ ಸಿಕ್ಕಿಸಿ ಕೈ ಮುಗಿದೆ.

ಯಜಮಾನರು ಬಡಿಯುವ ಡಬ್ಬ, ಕೋಲು ಹಿಡಿದು ಆಸನದಲ್ಲಿ ಕೂತರು. ಗುರುಮಲ್ಲು ಸ್ವಿಚ್ಚು ಒತ್ತಿದ. ಆಸನ ಮರ ತಬ್ಬಿ ಸರಸರ ಏರಿತು.

"ಎಂಟು ಅಡಿ ಆಯ್ತು! ನಿಲ್ಸೋ!"

ನಿಲ್ಲಲಿಲ್ಲ.

"ಇಪ್ಪತ್ತು ಬಂತು! ನಾನು ಹೇಳಿರಲಿಲ್ವಾ ಭಾವ!" ಎಂದು ಗುರುಮಲ್ಲು ಕುಣಿದ. ಆಮೇಲೆ ಕುಣಿಯುವುದನ್ನು ಬಿಟ್ಟ. ಯಾಕೆಂದರೆ ಇಪ್ಪತ್ತಕ್ಕೂ ನಿಲ್ಲಲಿಲ್ಲ. ಕಾಗೆ ಗೂಡು ದಾಟಿ, ತೆಳ್ಳನೆ ಕೊಂಬೆಗಳನ್ನು ದಾಟಿ, ಮರದ ತುತ್ತತುದಿಗೆ ಹೋಗಿ ತೂಗಾಡತೊಡಗಿತು. ಮೇಲಿನಿಂದ ಹುಣಸೆಕಾಯಿಯೂ ಬೈಗುಳವೂ ಒಟ್ಟಿಗೆ ಉದುರಿದವು.

ಗುರುಮಲ್ಲು ಮೂಗಿನ ಕಡೆ ನೋಡಿದ. "ಅಕ್ಕಾ! ಮೂಗಿಗೆ ಗಂಧದಕಡ್ಡಿ ತುರುಕಿದ್ದೀಯಾ!"

"ತೂತು ಬಿಟ್ಟಿದ್ದೋನು ನೀನು!"

"ಕಾಡಲ್ಲಿ ಗಂಧದಕಡ್ಡಿ ಹಚ್ಚೋರು ಯಾರು? ಮನುಷ್ಯರೇ! ಊರಿಗೆ ಊರೇ ಬಂದು ನಿಂತಿದೆ ಅಂದ್ಕೊಂಡಿದೆ ಅದು!"

ಕಡ್ಡಿ ಕಿತ್ತೆಸೆದ. ಯಂತ್ರ ಇಳಿಯಲಿಲ್ಲ. ಪಾಪ ಅನ್ನಿಸಿ ನಾನು ಸೆರಗಿನಿಂದ ಮೂಗು ಒರೆಸಿದೆ. ಬೆಳಿಗ್ಗೆ ಬೆಳ್ಳುಳ್ಳಿ ಒಗ್ಗರಣೆ ಕಂಡ ಸೆರಗು. ಮೇಲೆ ಏರಲು ಮರವೇ ಉಳಿಯದೆ ಆಸನ ಗಡಗಡ ನಡುಗಿತು.

"ಭಾವ, ಹೆದರಬೇಡಿ! ಹೆದರಿದ್ರೆ ಬೆವರ್ತೀರಿ, ಬೆವರಿದ್ರೆ ಇಳಿಯಲ್ಲ!"

"ಹೆದರಿಲ್ಲ ಕಣೋ! ಸಿಟ್ಟು ಬಂದಿದೆ!"

"ಸಿಟ್ಟು ಬಂದ್ರೂ ಬೆವರ್ತೀರಿ! ಸಂತೋಷವಾಗಿರಿ!"

ಆಗ ಯಜಮಾನರು ಹೇಳಿದ ಮಾತನ್ನು ಬರೆಯುವ ಹಾಗಿಲ್ಲ.

ನಾವು ದೂರ ಹೋದರೆ ವಾಸನೆ ಕಮ್ಮಿಯಾದೀತು ಎಂದು ಇಬ್ಬರೂ ಬದುವಿನ ಆ ತುದಿಗೆ ಹೋಗಿ ಕೂತೆವು. ಹೊತ್ತು ಮುಳುಗುತ್ತಿತ್ತು. ಬೇಲಿ ಸಂದಿಯಿಂದ ಒಂದು ಜಿಂಕೆ ಬಂತು. ಅದರ ಹಿಂದೆ ಹಿಂಡೇ ಬಂತು. ನೆಟ್ಟಗೆ ಯಂತ್ರದ ಮೂಗಿನ ಹತ್ತಿರ ಹೋಗಿ ಬಾಳೆಹಣ್ಣು ತಿಂದವು, ಬೆಲ್ಲ ನೆಕ್ಕಿದವು, ಹಾರ ತಿಂದವು, ಕೊನೆಗೆ ಮೂಗನ್ನೇ ನೆಕ್ಕತೊಡಗಿದವು.

ಮೂಗಿಗೆ ಈಗ ಬರೀ ಜಿಂಕೆ ವಾಸನೆ. ಇಷ್ಟೊಂದು ಎತ್ತರ ಯಾಕೆ ಅನ್ನಿಸಿರಬೇಕು, ಆಸನ ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿದು, ಯಜಮಾನರನ್ನು ಹಿಂಡಿನ ನಟ್ಟನಡುವೆ ಕೂರಿಸಿತು! ಬಡಿಯೋಣವೆಂದರೆ ಅವರ ಡಬ್ಬ ಮರದ ತುದಿಯಲ್ಲೇ ಸಿಕ್ಕಿಕೊಂಡು ನೇತಾಡುತ್ತಿತ್ತು. "ಹೋಯ್" ಎನ್ನೋಣವೆಂದರೆ, ಮೇಲೆ ಬೈದೂ ಬೈದೂ ಸ್ವರ ಒಡೆದುಹೋಗಿತ್ತು. ಜಿಂಕೆಗಳು ಅವರನ್ನೊಮ್ಮೆ ನೋಡಿ, ಇವರೂ ಊಟಕ್ಕೆ ಬಂದಿರಬೇಕು ಅಂದುಕೊಂಡು, ಅವರೆ ಸಾಲಿಗೆ ಬಾಯಿ ಹಾಕಿದವು.

ಕಣ್ಣ ಮುಂದೆಯೇ ಒಂದು ಮೂಲೆ ಬೋಳಾಗುತ್ತಿತ್ತು. ನನ್ನ ಕಣ್ಣಿಗೆ ಕಂಡದ್ದು ಬರೀ ನೀಲಗಿರಿ. ಪಕ್ಕದಲ್ಲಿ ಗುರುಮಲ್ಲು, "ನೋಡಕ್ಕ, ಎಷ್ಟು ಚೆನ್ನಾಗಿ ಇಳೀತು!" ಎಂದ.

ಬಾಯಿ ತೆಗೆದೆ. ನಾನು ಬೈದದ್ದು ತಮ್ಮನನ್ನು. ಓಡಿದ್ದು ಜಿಂಕೆಗಳು. ಒಂದೊಂದೂ ಎರಡಾಳೆತ್ತರ ನೆಗೆದು ಬೇಲಿ ದಾಟಿದವು.

"ನಿನ್ನ ಯಂತ್ರದ ಮನೆ ಹಾಳಾಗ! ಇದನ್ನ ತಗೊಂಡು ಇಲ್ಲಿಂದ ನಡಿ!"

"ಹೋಗ್ತೀನಿ! ವಿಜ್ಞಾನಕ್ಕೆ ಅರಿಶಿನ ಬಳಿಯೋ ಜನದ ಮಧ್ಯೆ ನನಗೇನು ಕೆಲಸ?" ಎಂದು ಅವನು ಮೂಗನ್ನು ಗೂಟದ ಸಮೇತ ಕಿತ್ತು ಮಡಿಲಲ್ಲಿ ಇಟ್ಟುಕೊಂಡು, ಯಜಮಾನರು ಖಾಲಿ ಮಾಡಿದ ಆಸನದಲ್ಲಿ ಮಹಾರಾಜನ ಹಾಗೆ ಕೂತ. ಯಂತ್ರದ ಗುಂಗಿನಲ್ಲಿ ಎಂಟು ದಿನದಿಂದ ಸ್ನಾನ ಕಾಣದ ಮೈ. ಅದರ ಮಡಿಲಲ್ಲೇ ಜಿಂಕೆ ಮೂಗು!

ಆಸನ ಒಂದೇ ಉಸಿರಿಗೆ ಹುಣಸೆಮರದ ತುದಿ ಮುಟ್ಟಿತು. ಸಾಲಲಿಲ್ಲ. ಕಬ್ಬಿಣದ ಕೈ ಚಾಚಿ ಬೇಲಿಯಾಚೆಯ ಮತ್ತಿಮರ ಹಿಡಿಯಿತು. ಅದೂ ಸಾಲಲಿಲ್ಲ. ಅದಕ್ಕಿಂತ ಎತ್ತರದ್ದು, ಅದಕ್ಕಿಂತಲೂ ಎತ್ತರದ್ದು ಹುಡುಕುತ್ತ ಕಾಡಿನ ಮೇಲೆ ಹೊರಟಿತು.

"ಲೋ! ಆ ಮೂಗನ್ನ ಬಿಸಾಕಿ ಇಳಿಯೋ!" ಎಂದು ಕೂಗಿದೆ.

"ಇಳಿಯಲ್ಲ! ಹಿಂಗೇ ಹೋಗಲಿ ಅಂತಾನೇ ಮಾಡಿರೋದು!" ಎಂದು ದೂರದಿಂದ ಕೇಳಿಸಿತು. ತಿರುಗಿ ಸಹ ನೋಡಲಿಲ್ಲ.

ಯಜಮಾನರು ಎರಡು ದಿನ ಮಂಡಿಗೆ ಎಣ್ಣೆ ತಿಕ್ಕಿಕೊಂಡರು. ಮೂರನೆಯ ದಿನ ಹೊಲದಲ್ಲಿ ನಿಂತು, "ನೀಲಗಿರಿ ಎಷ್ಟು ಎತ್ತರ ಬೆಳೆಯುತ್ತೆ?" ಎಂದು ಕೇಳಿದರು. ಹೇಳಿದೆ. ಅಲ್ಲೇ ಬದುವಿನ ಮೇಲೆ ಕುಸಿದು ಕೂತು, "ಬೇಡ ಮಾರಾಯ್ತಿ. ನನ್ನ ಸೊಂಟಕ್ಕಿಂತ ಎತ್ತರ ಬೆಳೆಯೋದು ಯಾವುದೂ ಈ ಹೊಲದಲ್ಲಿ ಬೇಡ. ಅವರೆ ಗಿಡವೇ ಇರಲಿ" ಎಂದರು. ಈಗ ದಿನಾ ಸಾಯಂಕಾಲ ನಾನೇ ಬದುವಿನ ಮೇಲೆ ನಿಂತು ತಮ್ಮನನ್ನು ಬೈಯುತ್ತೇನೆ. ಜಿಂಕೆ ಹತ್ತಿರ ಸುಳಿದಿಲ್ಲ.

ಸೌದೆಗೆ ಹೋದವರು ಅವನನ್ನು ಕಂಡರಂತೆ. ಮರದ ತುದಿಯಲ್ಲಿ ಕೈ ಕಟ್ಟಿ ಕೂತು, "ಟೆಸ್ಟ್ ನಡೀತಿದೆ, ತೊಂದರೆ ಕೊಡಬೇಡಿ" ಎಂದನಂತೆ.

ಮೊದಲ ಅವರೆಕಾಯಿ ಬಿಡಿಸಿ ಸಾರು ಮಾಡಿದ ದಿನ ಅವನ ಪಾಲು ಎತ್ತಿಟ್ಟಿದ್ದೆ. ಬರಲಿಲ್ಲ. ಯಜಮಾನರೇ ಉಂಡರು, ಕುರ್ಚಿ ಬೇಡ ಎಂದು ನೆಲದ ಮೇಲೆ ಕೂತು.