ಕೊನೆಯ ಸೀಟು ಮತ್ತು ಒಂದು ‘ನಾ’

ಪ್ರವೇಶದ ದಿನಗಳು ಬಂದರೆ ನಮ್ಮ ಹಳಿಯಾಳದ ಕಾಲೇಜಿನಲ್ಲಿ ಏನಾದರೊಂದು ನಡೆಯದೆ ಇರುವುದೇ ಇಲ್ಲ. ಉಚಿತ ಹಾಸ್ಟೆಲ್ ಇರುವ ವಿಜ್ಞಾನದ ಕಾಲೇಜು. ಸೀಟು ಕಡಿಮೆ, ಕೇಳುವವರು ಬಹಳ. ಬಂದವರೆಲ್ಲ ಒಬ್ಬರಿಗಿಂತ ಒಬ್ಬರು ಜಾಣರು. ನಡುವೆ ನಾಲ್ಕು ಮಂದಿ ದಡ್ಡರಾದರೂ ಬಂದಿದ್ದರೆ ನಮ್ಮ ಕೆಲಸ ಎಷ್ಟು ಹಗುರಾಗುತ್ತಿತ್ತು!

ನಾನು ಅಲ್ಲಿ ಕನ್ನಡ ಕಲಿಸುವವನು, ಆಯ್ಕೆ ಸಮಿತಿಯಲ್ಲೂ ಇದ್ದೇನೆ. ಪ್ರಿನ್ಸಿಪಾಲರು ಮೈಸೂರು ಕಡೆಯವರು, ಹೊಸಬರು. ನಮ್ಮಲ್ಲಿಗೆ ಬಂದ ಪ್ರಿನ್ಸಿಪಾಲರು ಯಾರೂ ಹೆಚ್ಚು ದಿನ ನಿಲ್ಲುವುದಿಲ್ಲ. ಹಾಗಾಗಿ ಆಡಳಿತ ಮಂಡಳಿಯ ಅಧ್ಯಕ್ಷರು ಇವರನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದರು.

ಹಕ್ಕಿ ನೋಡುವ ಹವ್ಯಾಸ

ಅಂಕ ಸಮ ಬಂದರೆ ಹವ್ಯಾಸ ಕೇಳೋಣ ಎಂದರು ಪ್ರಿನ್ಸಿಪಾಲರು. ದಾಂಡೇಲಿಯಿಂದ ಬಂದವರೆಲ್ಲ ಒಂದೇ ಟ್ಯೂಷನ್ನಿನವರು ಇರಬೇಕು, ಎಲ್ಲರದೂ ‘ಪಕ್ಷಿ ವೀಕ್ಷಣೆ’. ಅಲ್ಲಿನದೇ ಅಂಬೇವಾಡಿಯ ಹುಡುಗನೊಬ್ಬನ ಸರದಿ ಬರುವಷ್ಟರಲ್ಲಿ ಪ್ರಿನ್ಸಿಪಾಲರಿಗೆ ಅನುಮಾನ ಬಂದಿತ್ತು.

“ಕೊನೇ ಸಲ ಯಾವ ಪಕ್ಷಿ ನೋಡ್ದೆ?”

“ನಮ್ಮ ಮನಿ ಕೋಳಿ ರೀ.”

“ಅದರಲ್ಲಿ ಏನು ಗಮನಿಸಿದೆ?”

ಹುಡುಗ ಬಹಳ ಯೋಚಿಸಿ ಹೇಳಿದ, “ಐತವಾರದಿಂದ ಕಾಣಿಸಿಲ್ರಿ.”

ಹಿರಿಯರು ಯಾರು?

ಸಂಜೆ ಹೊತ್ತಿಗೆ ಉಳಿದದ್ದು ಒಂದೇ ಸೀಟು, ಇಬ್ಬರು ಹುಡುಗಿಯರು. ಒಬ್ಬಳು ಮುಂಡಗೋಡದ ಹತ್ತಿರದ ಸನವಳ್ಳಿಯವಳು, ಅಪ್ಪನ ಜೊತೆ ಬಂದಿದ್ದಳು. ಇನ್ನೊಬ್ಬಳು ಜೋಯಿಡಾ ಕಾಡಿನ ಹಳ್ಳಿಯವಳು, ಅವ್ವನ ಜೊತೆ. ಮನೆಯಲ್ಲಿ ಕೊಂಕಣಿ ಮಾತಾಡುವವರು. ಇಬ್ಬರದೂ ಅಂಕ ಸರಿಸಮ. ಸೀಟು ತಪ್ಪಿದವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಕೋಳಿಯ ನಂತರ ಹವ್ಯಾಸ ಕೇಳುವುದನ್ನು ಪ್ರಿನ್ಸಿಪಾಲರು ಕೈಬಿಟ್ಟಿದ್ದರು. ಸಮ ಬಂದರೆ ವಯಸ್ಸಿನಲ್ಲಿ ದೊಡ್ಡವರಿಗೆ ಎಂಬುದು ಕಾಲೇಜಿನ ನಿಯಮ. ನೋಡಿದರೆ ಇಬ್ಬರೂ ಒಂದೇ ವರ್ಷ, ಜೂನ್ ಒಂದನೇ ತಾರೀಖು ಹುಟ್ಟಿದವರು!

ಸನವಳ್ಳಿಯ ಅಪ್ಪ, “ಅಕಿ ಹುಟ್ಟಿದ್ದು ಪಂಚಮಿ ಮುಂದ ರೀ. ಜೂನ್ ಒಂದು ಅಂತ ಹುಟ್ಟಿಸಿದವ್ರು ಸಾಲಿ ಮಾಸ್ತರ್ರು,” ಎಂದ.

“ನಮ್ಮಾಕೀದೂ ಹಂಗ ರೀ,” ಎಂದಳು ಜೋಯಿಡಾದ ಅವ್ವ.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. “ಈ ಕಡೆ ಬೇರೆ ದಿನ ಯಾರೂ ಹುಟ್ಟೋದೇ ಇಲ್ವೇನ್ರೀ?”

“ಗೊತ್ತಿಲ್ಲ ಸರ್, ನಂದೂ ಜೂನ್ ಒಂದೇ,” ಎಂದೆ.

ದೂರ ಎಷ್ಟು?

ಮುಂದಿನ ನಿಯಮ, ದೂರದವರಿಗೆ ಮೊದಲು. ಸನವಳ್ಳಿಯ ಅಪ್ಪ ಎದೆಯುಬ್ಬಿಸಿ, “ನಾವು ಹುಬ್ಬಳ್ಳಿ ಸುತ್ತಿ ಬಂದೇವ್ರಿ!” ಎಂದ. ಹುಬ್ಬಳ್ಳಿಯಲ್ಲಿ ಸೀರೆ ಅಂಗಡಿಗೆ ಹೋಗಿದ್ದೆವು ಎಂದು ಮಗಳು ಬಾಯಿ ಬಿಟ್ಟಳು.

“ನಿಮ್ಮೂರು ಎಷ್ಟು ದೂರಮ್ಮ?” ಎಂದು ಪ್ರಿನ್ಸಿಪಾಲರು ಜೋಯಿಡಾದ ಅವ್ವನನ್ನು ಕೇಳಿದರು.

“ಬಸ್ ಬಂದ್ರ ಹತ್ರ ರೀ. ಬರಲಿಲ್ಲಂದ್ರ ಭಾಳ ದೂರ.”

ನಾ!

ದೂರವೂ ಇತ್ಯರ್ಥವಾಗಲಿಲ್ಲ, ನಿಯಮಗಳೂ ಮುಗಿದವು. ಪ್ರಿನ್ಸಿಪಾಲರು ಸೋತು ಹುಡುಗಿಯರನ್ನೇ ಕೇಳಿದರು. “ನಿಮ್ಮಿಬ್ಬರಲ್ಲಿ ಯಾರಾದರೂ ಈ ಸೀಟು ಬಿಟ್ಟುಕೊಡ್ತೀರೇನಮ್ಮಾ?”

ಸನವಳ್ಳಿಯವಳು ಅಪ್ಪನ ಮುಖ ನೋಡಿದಳು. ಅಪ್ಪ ಫ್ಯಾನು ನೋಡಿದ. ಅಷ್ಟರಲ್ಲಿ ಜೋಯಿಡಾದವಳು ಗಾಬರಿಯಿಂದ ಎದ್ದು ನಿಂತು, “ನಾ! ನಾ!” ಎಂದಳು.

ನಾನೇ ಬಿಟ್ಟುಕೊಡುತ್ತೇನೆ ಅಂದಳಲ್ಲ! ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇಂಥಾ ದೊಡ್ಡ ಮನಸ್ಸಿನ ಮಗೂಗೇ ಸೀಟು ಕೊಡಬೇಕು,” ಎಂದರು.

ಸನವಳ್ಳಿಯ ಅಪ್ಪ ಕುರ್ಚಿ ಬಿಟ್ಟು ಎದ್ದ. “ಬಿಟ್ಟವರಿಗೆ ಸೀಟಂದ್ರ ನಮ್ಮಾಕೀನೂ ಬಿಡ್ತಾಳ್ರಿ! ಹೇಳಬೇ, ಬಿಟ್ಟೆ ಅನ್ನು!”

“ಬಿಟ್ಟೇನ್ರಿ,” ಎಂದು ಆಕೆ ಅಳತೊಡಗಿದಳು. ಇಬ್ಬರೂ ಬಿಟ್ಟ ಮೇಲೆ ಸೀಟು ಯಾರಿಗೆ ಕೊಡುವುದು?

ಆಗ ಜೋಯಿಡಾದ ಅವ್ವ ಎದ್ದಳು. “ಸಾಹೇಬ್ರ, ನಮ್ಮಾಕಿ ಎಲ್ಲಿ ಬಿಟ್ಟಾಳ್ರಿ? ನಮ್ಮ ಕೊಂಕಣಿಯಾಗ ‘ನಾ’ ಅಂದ್ರ ಇಲ್ಲ ಅಂತ. ಬಿಡೂದಿಲ್ಲ ಅಂದಾಳ ಅಕಿ!”

ಪ್ರಿನ್ಸಿಪಾಲರು ಕನ್ನಡಕ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಇಷ್ಟು ವರ್ಷ ಇಲ್ಲಿದ್ದ ಕನ್ನಡ ಮಾಸ್ತರ ಮೇಜಿನ ಕೆಳಗೆ ಪೆನ್ನು ಹುಡುಕುತ್ತಿದ್ದ. ಈಗ ಇಬ್ಬರು ಹುಡುಗಿಯರೂ ಅಳುತ್ತಿದ್ದರು. ಬೇರೆ ದಾರಿ ಕಾಣದೆ ಪ್ರಿನ್ಸಿಪಾಲರು ಅಧ್ಯಕ್ಷರಿಗೆ ಫೋನು ಹಚ್ಚಿ, ಇನ್ನೊಂದು ಸೀಟು ಬೇಕೆಂದು ಕೇಳಿದರು. ಅಧ್ಯಕ್ಷರ ಗಂಟಲು ದೊಡ್ಡದು, ಕೋಣೆಗೆಲ್ಲ ಕೇಳಿಸಿತು.

“ಜಾಗಾ ಎಲ್ಲೈತ್ರಿ ಸಾಹೇಬ್ರ? ಯಾರರೇ ಒಬ್ಬರು ಕಾಲೇಜು ಬಿಟ್ಟು ಹೋಗ್ತಾರೇನು?”

ಪ್ರಿನ್ಸಿಪಾಲರು ಹೊಸದಾಗಿ ಕಲಿತದ್ದನ್ನು ಜೋರಾಗಿಯೇ ಪ್ರಯೋಗಿಸಿದರು. “ನಾ!”

ಅಧ್ಯಕ್ಷರ ದೊಡ್ಡ ಗಂಟಲು ಒಮ್ಮೆಲೇ ಇಳಿಯಿತು. “ಹಂಗ ಸಿಟ್ಟಿಗೇಳಬ್ಯಾಡ್ರಿ! ನೀವು ಯಾಕ ಹೋಗ್ತೀರಿ? ಇಬ್ಬರನ್ನೂ ತಗೋರಿ, ನೀವೂ ಇರ್ರಿ!”