ನನ್ನ ಮದುವೆಗೆ ಹಲ್ಲಿ ನುಡಿದ ಸಾಕ್ಷಿ

ಹಲ್ಲಿಯನ್ನು ಕಂಡರೆ ಕೆಲವರು ಹೆದರುತ್ತಾರೆ, ಕೆಲವರು ಪೊರಕೆ ಹುಡುಕುತ್ತಾರೆ. ನಾನು ಮಾತ್ರ ಕೃತಜ್ಞತೆಯಿಂದ ನೋಡುತ್ತೇನೆ. ನನ್ನ ಮದುವೆಗೆ ದಲ್ಲಾಳಿ ಇರಲಿಲ್ಲ, ಹಲ್ಲಿ ಇತ್ತು. ಅದೂ ಅಸಲಿ ಹಲ್ಲಿಯಲ್ಲ. ಸೈಕಲ್ ಷಾಪ್ ಇಟ್ಟುಕೊಂಡು ಬೀಡಿ ಸೇದುತ್ತಿದ್ದ ಹಲ್ಲಿ.

ಆಗ ನಾನು ಮಿಡಲ್ ಸ್ಕೂಲ್ ಮೇಷ್ಟ್ರು. "ಎದ್ದು ನಿಂತು ಧೈರ್ಯವಾಗಿ ಹೇಳ್ರೋ" ಎಂದು ದಿನವಿಡೀ ಮಕ್ಕಳನ್ನು ಗದರಿಸಿ, ಸಂಜೆ ವಿದ್ಯಾರಣ್ಯಪುರದ ಬಾಡಿಗೆ ಕೋಣೆಗೆ ಬಂದರೆ, ಮನೆ ಯಜಮಾನರ ಮಗಳು ಜಯಮ್ಮನ ಎದುರು ನನಗೆ ಬಾಯೇ ಬರುತ್ತಿರಲಿಲ್ಲ. ಬಾವಿಯ ಹತ್ತಿರ ಅವಳು "ಚೆನ್ನಾಗಿದ್ದೀರಾ ಮೇಷ್ಟ್ರೇ" ಎಂದರೆ "ನೀರು ತಣ್ಣಗಿದೆ" ಎಂದು ಉತ್ತರ ಕೊಟ್ಟವನು ನಾನು. ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು ನಿಜ. ಹುಡುಗಿಯನ್ನು ನೇರವಾಗಿ ಮದುವೆಗೆ ಕೇಳುವ ಸ್ವಾತಂತ್ರ್ಯ ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ. ಹೀಗೇ ಕಾಲ ತಳ್ಳಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಭಾನುವಾರ ಅವಳನ್ನು ನೋಡಲು ಕಡಕೊಳದಿಂದ ಒಂದು ಗಂಡು ಬರುತ್ತದೆಂದು ತಿಳಿಯಿತು. ಜಮೀನು, ಎತ್ತು, ಮೇಲೆ ಒಂದು ದಪ್ಪ ಮೀಸೆ, ಎಲ್ಲವೂ ಇದ್ದ ಗಂಡು. ಅವತ್ತಿನಿಂದ ನನಗೆ ಅನ್ನ ಸೇರದಾಯಿತು.

ಗೆಳೆಯ ಪುಟ್ಟಸ್ವಾಮಿಯ ಸೈಕಲ್ ಷಾಪಿಗೆ ಹೋಗಿ ಗೋಳು ತೋಡಿಕೊಂಡೆ. ನಮ್ಮ ಬೀದಿಯವರು ಆಡುವ ನಾಟಕಗಳಲ್ಲಿ ಪರದೆಯ ಹಿಂದಿನ ಸದ್ದುಗಳೆಲ್ಲ ಅವನವೇ. ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡಿಸುತ್ತಿದ್ದ, ತಗಡಿನಲ್ಲಿ ಗುಡುಗು ಎಬ್ಬಿಸುತ್ತಿದ್ದ. ಜಯಮ್ಮನಿಗೆ ಹಲ್ಲಿ ಶಕುನದಲ್ಲಿ ಅಪಾರ ನಂಬಿಕೆ ಎಂದು ಮಾತಿನ ನಡುವೆ ಹೇಳಿದ್ದೇ ತಡ, ಅವನ ಮುಖ ಅರಳಿತು. ಆಡಿದ ಮಾತಿಗೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವಾಗುತ್ತದೆ ಎಂಬುದನ್ನು ನಮ್ಮಲ್ಲಿ ನಂಬದವರು ಯಾರು?

"ಸುಮ್ಕಿರ್ಲಾ," ಎಂದ ಪುಟ್ಟಸ್ವಾಮಿ. "ನಾನು ಹಿತ್ತಲಲ್ಲಿ ಸೌದೆ ಹಿಂದೆ ಕುಂತಿರ್ತೀನಿ. ನೀನು 'ನಾವಿಬ್ರೂ ಮದ್ವೆಯಾದ್ರೆ ಚೆಂದಾಗಿರ್ತೀವಿ' ಅಂದ್ಬುಟ್ಟು ಒಂದ್ಸಲ ಕೆಮ್ಮು. ಮಿಕ್ಕಿದ್ದು ಹಲ್ಲಿ ನೋಡ್ಕತ್ತದೆ."

ಶನಿವಾರ ಸಂಜೆ ಜಯಮ್ಮನ ತಾಯಿ ಗುಡಿಗೆ ಹೋದ ಸಮಯ ನೋಡಿ, ನೀರು ಸೇದುವ ನೆಪದಲ್ಲಿ ಹಿತ್ತಲಿಗೆ ಹೋದೆ. ಪುಟ್ಟಸ್ವಾಮಿ ಮೊದಲೇ ಗೋಡೆ ಹಾರಿ ಬಂದು ಸೌದೆ ರಾಶಿಯ ಹಿಂದೆ ಕೂತಿದ್ದ. ನಮ್ಮ ಯೋಜನೆಯಲ್ಲಿ ಸೇರದೆ ಹೋದದ್ದು ಒಂದೇ. ಜಯಮ್ಮ ಅಲ್ಲೇ ಹಿತ್ತಲ ಒಲೆಯ ಮೇಲೆ ಹುಳಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅವಳು ಬಾಣಲೆಯಿಂದ ಕಣ್ಣು ತೆಗೆಯದೆ, "ನಾಳೆ ಕಡಕೊಳದವರು ಬರ್ತಾರಂತೆ ಮೇಷ್ಟ್ರೇ. ನಮ್ಮಪ್ಪ ಅವರಿಗೇ ಕೊಟ್ಬುಡ್ತಾರೆ ಅನ್ಸುತ್ತೆ," ಎಂದಳು. ಅಷ್ಟರಲ್ಲಿ ಘಾಟು ಗಂಟಲಿಗೆ ಹತ್ತಿ ನಾನು ಕೆಮ್ಮಿದೆ. ಸೌದೆಯ ಹಿಂದಿನಿಂದ ಸ್ಪಷ್ಟವಾಗಿ "ಲೊಚ್ ಲೊಚ್ ಲೊಚ್" ಎಂದು ಕೇಳಿಸಿತು.

ಅಷ್ಟು ಅಚ್ಚುಕಟ್ಟಾಗಿ ಲೊಚಗುಟ್ಟಿದ ಹಲ್ಲಿಯನ್ನು ನಾನು ಆಮೇಲೂ ಕಂಡಿಲ್ಲ. ಜಯಮ್ಮ ರೂಢಿಯಂತೆ "ಕೃಷ್ಣ ಕೃಷ್ಣ" ಎಂದು ಗೋಡೆ ತಟ್ಟಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೆಣಸಿನಕಾಯಿ ಘಾಟಿರಬೇಕು ಎಂದುಕೊಂಡೆ. "ಹಲ್ಲೀನೇ ಹೂಂ ಅಂದ್ಮೇಲೆ ಮುಗೀತು ಬಿಡಿ," ಎಂದಾಗ ಅವಳ ದನಿ ನಡುಗಿತು. ಅದು ಮೆಣಸಿನಕಾಯಿಯ ಕೆಲಸವಲ್ಲ ಎಂದು ನನ್ನಂಥ ಮಂಕುದಿಣ್ಣೆಗೂ ಗೊತ್ತಾಯಿತು. ಸಂಕಟಕ್ಕೆ ನನ್ನ ಬಾಯಿ ತಾನಾಗಿಯೇ ಬಿಚ್ಚಿಕೊಂಡಿತು. "ಅದು ಹಲ್ಲಿ ಅಲ್ಲ ಜಯಮ್ಮ, ಸೈಕಲ್ ಷಾಪ್ ಪುಟ್ಟಸ್ವಾಮಿ. ನಾವಿಬ್ಬರೂ ಮದುವೆಯಾಗೋಣ ಅಂತ ನಾನು ಕೇಳಿದಾಗ ಅವನು ಲೊಚಗುಟ್ಟಬೇಕಾಗಿತ್ತು," ಎಂದುಬಿಟ್ಟೆ. ಅವಳು ಸೌಟು ಹಿಡಿದುಕೊಂಡೇ ಸೌದೆ ರಾಶಿಯ ಕಡೆ ತಿರುಗಿದಳು. ಆಗ ಹಲ್ಲಿ ಸೀನಿತು. ಒಂಟಿ ಸೀನು ಅಪಶಕುನವಲ್ಲವೇ ಎಂದು ನಾನು ಹೆದರುವಷ್ಟರಲ್ಲಿ ಪುಣ್ಯಾತ್ಮ ಇನ್ನೊಂದು ಸೀನಿ ಅದನ್ನು ಜೋಡಿ ಮಾಡಿದ.

ಜಯಮ್ಮ ಬಾಣಲೆ ಇಳಿಸಿದಳು. "ಇಷ್ಟು ಹೇಳೋಕೆ ಹಲ್ಲಿ ಬೇಕಾಗಿತ್ತಾ ನಿಮಗೆ? ಅಪ್ಪ ಬರ್ತಿದ್ದಂಗೆ ಹೋಗಿ ಕೇಳಿ. ಅದಕ್ಕೆ ಮುಂಚೆ ಪಾಪ, ಅವರಿಗೆ ಒಂದು ಲೋಟ ನೀರು ಕೊಡಿ," ಎಂದು ಸೌದೆಯ ಕಡೆ ಕೈ ತೋರಿಸಿದಳು.

ಅವಳಪ್ಪನ ಮುಂದೆ ನಿಂತಾಗ ಹಿಂದೆ ಯಾರೂ ಅಡಗಿರಲಿಲ್ಲ, ಕೇಳಬೇಕಾದದ್ದನ್ನು ನಾನೇ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಜನವೇ, ಕಣ್ಣೆದುರಿಗೇ ಇರೋ ಹುಡುಗ. ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಬೈದು, ಕಡಕೊಳಕ್ಕೆ ಬೇಡವೆಂದು ಹೇಳಿ ಕಳಿಸಿದರು. ಬೈಗುಳ ಅಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವತ್ತು ಪುಟ್ಟಸ್ವಾಮಿಯೂ ನಾನೂ ಒಟ್ಟಿಗೆ ಕೂತು ಹೊಟ್ಟೆ ತುಂಬ ಮುದ್ದೆ ಉಂಡೆವು.

ಈಗ ನಮ್ಮ ಮನೆಯ ಗೋಡೆಯ ಮೇಲೆ ಅಸಲಿ ಹಲ್ಲಿಗಳೇ ಇವೆ. "ಈ ಸಲ ನನಗೆ ಹೆಡ್‌ಮಾಸ್ಟರ್ ಕೆಲಸ ಗ್ಯಾರಂಟಿ" ಎಂದು ನಾನು ಎಷ್ಟು ಗಟ್ಟಿಯಾಗಿ ಹೇಳಿದರೂ ತುಟಿ ಪಿಟಕ್ಕೆನ್ನುವುದಿಲ್ಲ. ಜಯಮ್ಮ "ಇವರ ಕೈಲಿ ಒಂದು ಕೆಲಸಾನೂ ನೆಟ್ಟಗೆ ಆಗಲ್ಲ" ಎಂದರೆ ಸಾಕು, ತಕ್ಷಣ ಲೊಚ್ ಲೊಚ್. ಅವಳು "ಕೃಷ್ಣ ಕೃಷ್ಣ" ಎಂದು ಗೋಡೆ ತಟ್ಟುತ್ತಾಳೆ. ನಾನು ಎದ್ದು ಹಿತ್ತಲಿಗೆ ಹೋಗಿ, ಸೌದೆಯ ಹಿಂದೆ ಒಮ್ಮೆ ನೋಡಿಕೊಂಡು ಬರುತ್ತೇನೆ.